ಕಾರಿನ ಗುಂಯ್ ಸದ್ದಿಗೂ ಮೃದಂಗದ ಕರಣೆಗೂ ಏನು ಸಂಬಂಧ? ಸಿ.ವಿ. ರಾಮನ್ ಬದುಕಿನ ಅಷ್ಟಾಗಿ ಗೊತ್ತಿಲ್ಲದ ಅಧ್ಯಾಯ

ತಗಡು ದಪ್ಪ ಇದ್ದಷ್ಟೂ ಕಾರು ನಿಶ್ಶಬ್ದ. ಬಾಗಿಲು ಹಾಕಿದಾಗ ಧಪ್ ಎಂದರೆ ಗಾಡಿ ಗಟ್ಟಿ, ಟಣ್ ಎಂದರೆ ಡಬ್ಬಿ. ಫೆಬ್ರವರಿ 28 ಸರ್ ಸಿ.ವಿ. ರಾಮನ್ ಹುಟ್ಟಿದ ದಿನ. ಈ ಮೂರು ಮಾತುಗಳಲ್ಲಿ ಒಂದಾದರೂ ನಿಮ್ಮ ವಾಟ್ಸಾಪ್‌ಗೆ ಬಂದಿರುತ್ತದೆ. ಮೂರೂ ಸರಿಯಲ್ಲ. ಮೊದಲ ಎರಡು ಕಾರಿನ ಮಾತು, ಮೂರನೆಯದು ವಿಜ್ಞಾನಿಯ ಮಾತು. ಆದರೆ ರಾಮನ್ ಅವರ ಬದುಕನ್ನು ಸ್ವಲ್ಪ ಒಳಹೊಕ್ಕು ನೋಡಿದರೆ ಮೂರಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಆ ದಾರಿಯಲ್ಲೇ ನಾವು ಈ ಲೇಖನದಲ್ಲಿ ಹೋಗೋಣ.

ಮೊದಲು ಎಲ್ಲರೂ ಕಂಡಿರುವ ಒಂದು ಸಂಗತಿ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತಿರುತ್ತದೆ, ಎಂಜಿನ್ ಆಫ್ ಆಗಿರುವುದಿಲ್ಲ. ಕಿಟಕಿಯ ಗಾಜು ಗಡಗಡ ನಡುಗುತ್ತದೆ, ಸೀಟು ನಡುಗುತ್ತದೆ, ಹಿಡಿದ ಕಂಬಿಯೂ ನಡುಗುತ್ತದೆ. ಡ್ರೈವರ್ ಸ್ವಲ್ಪ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ಸದ್ದು ಜೋರಾಗುತ್ತದೆ, ಆದರೆ ಗಾಜಿನ ನಡುಕ ತಟ್ಟನೆ ನಿಲ್ಲುತ್ತದೆ. ಎಂಜಿನ್ ಜೋರಾಯಿತು, ನಡುಕ ಮಾತ್ರ ಕಡಿಮೆಯಾಯಿತು. ಯಾಕೆ? ಇದಕ್ಕೆ ಉತ್ತರ ಗೊತ್ತಾದರೆ ಕಾರಿನ ಬಾಡಿ ವಿನ್ಯಾಸ ಮಾಡುವವರು ಏನು ಮಾಡುತ್ತಾರೆ ಎಂಬುದು ಅರ್ಧ ಗೊತ್ತಾದಂತೆ.

ಪಿಟೀಲು ಇದ್ದ ಮನೆಯ ಹುಡುಗ

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಭೌತಶಾಸ್ತ್ರ ಮತ್ತು ಗಣಿತದ ಅಧ್ಯಾಪಕರು, ಪಿಟೀಲು ನುಡಿಸುತ್ತಿದ್ದರು. ತಾಯಿ ಪಾರ್ವತಿ ಅಮ್ಮಾಳ್. ತಂದೆಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಹುಡುಗ ಬೆಳೆದದ್ದು ಅಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಮುಗಿಸಿದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಬರೆದ ಲೇಖನ ಇಂಗ್ಲೆಂಡಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಶಬ್ದದ ಬಗ್ಗೆ ಹೆಲ್ಮ್‌ಹೋಲ್ಟ್ಸ್ ಮತ್ತು ಲಾರ್ಡ್ ರೇಲಿ ಬರೆದ ದೊಡ್ಡ ಗ್ರಂಥಗಳನ್ನು ಆ ವಯಸ್ಸಿನಲ್ಲೇ ಓದಿಕೊಂಡಿದ್ದರು.

ಆದರೆ ಆ ಕಾಲದಲ್ಲಿ ಭಾರತದಲ್ಲಿ ವಿಜ್ಞಾನಿಯಾಗಿ ಹೊಟ್ಟೆ ಹೊರೆಯುವ ದಾರಿ ಹೆಚ್ಚೇನೂ ಇರಲಿಲ್ಲ. ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲಿಗರಾಗಿ ತೇರ್ಗಡೆಯಾದರು. ಅದೇ 1907ರಲ್ಲಿ ಲೋಕಸುಂದರಿ ಅವರೊಂದಿಗೆ ಮದುವೆಯಾಯಿತು. ಅವರು ವೀಣೆ ನುಡಿಸುತ್ತಿದ್ದರು. ಹದಿನೆಂಟರ ವಯಸ್ಸಿಗೆ ರಾಮನ್ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್.

ಟ್ರಾಮಿನಲ್ಲಿ ಆಫೀಸಿಗೆ ಹೋಗುವಾಗ ಬೌಬಜಾರ್ ರಸ್ತೆಯ 210ನೇ ನಂಬರಿನ ಕಟ್ಟಡದ ಮೇಲೆ ಒಂದು ಬೋರ್ಡು ಕಣ್ಣಿಗೆ ಬಿತ್ತು. ಅದು 1876ರಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ ವಿಜ್ಞಾನ ಸಂಸ್ಥೆ. ಉಪಕರಣಗಳಿದ್ದವು, ಬಳಸುವವರು ಇರಲಿಲ್ಲ. ಅಂದಿನಿಂದ ಬೆಳಿಗ್ಗೆ ಆಫೀಸಿಗೆ ಮೊದಲು ಮತ್ತು ಸಂಜೆ ಆಫೀಸಿನ ನಂತರ ರಾಮನ್ ಅಲ್ಲಿ. ಅಶುತೋಷ್ ಡೇ ಎಂಬ ಸಹಾಯಕರು ಜೊತೆಗಿದ್ದರು. ನಡುವೆ ರಂಗೂನ್ ಮತ್ತು ನಾಗಪುರಕ್ಕೆ ವರ್ಗವಾಗಿ, 1911ರಲ್ಲಿ ಮತ್ತೆ ಕಲ್ಕತ್ತೆಗೆ ಬಂದರು.

ಇಲ್ಲಿ ಗಮನಿಸಬೇಕಾದದ್ದು ಅವರು ಆರಿಸಿಕೊಂಡ ವಿಷಯ. ದುಬಾರಿ ಯಂತ್ರಗಳಿಲ್ಲದ, ದಿನಕ್ಕೆ ಕೆಲವೇ ಗಂಟೆ ಸಮಯವಿರುವ ಒಬ್ಬ ಸರ್ಕಾರಿ ನೌಕರ ಏನನ್ನು ಅಧ್ಯಯನ ಮಾಡಬಹುದು? ಮನೆಯಲ್ಲೇ ಇದ್ದ ಪಿಟೀಲು, ವೀಣೆ. ಬೀದಿ ಗಾಯಕರ ಏಕತಾರಿ. ಕಛೇರಿಯ ಮೃದಂಗ. ತಂತಿ ಹೇಗೆ ನಡುಗುತ್ತದೆ, ಆ ನಡುಕ ಮರದ ಡಬ್ಬಿಗೆ ಹೇಗೆ ದಾಟುತ್ತದೆ, ಡಬ್ಬಿಯಿಂದ ಗಾಳಿಗೆ ಹೇಗೆ ಹೋಗುತ್ತದೆ. ಇವತ್ತು ಕಾರಿನ ಎಂಜಿನಿಯರುಗಳು ಕೇಳುವುದೂ ಇದೇ ಪ್ರಶ್ನೆ: ಎಂಜಿನ್ ಹೇಗೆ ನಡುಗುತ್ತದೆ, ಅದು ಬಾಡಿಗೆ ಹೇಗೆ ದಾಟುತ್ತದೆ, ಬಾಡಿಯಿಂದ ನಮ್ಮ ಕಿವಿಗೆ ಹೇಗೆ ಬರುತ್ತದೆ.

ತೋಳದಂತೆ ಊಳಿಡುವ ಸ್ವರ

ಪಿಟೀಲು ಜಾತಿಯ ವಾದ್ಯಗಳಲ್ಲಿ, ಅದರಲ್ಲೂ ದೊಡ್ಡ ಗಾತ್ರದ ಚೆಲ್ಲೋದಲ್ಲಿ, ಒಂದು ನಿರ್ದಿಷ್ಟ ಸ್ವರ ನುಡಿಸುವಾಗ ನಾದ ಒಮ್ಮೆಲೆ ತೊದಲುತ್ತದೆ. ಕಮಾನು ಎಷ್ಟು ಸರಿಯಾಗಿ ಎಳೆದರೂ ಸ್ವರ ನಿಲ್ಲದೆ ಊಳಿಡುತ್ತದೆ. ಯುರೋಪಿನವರು ಅದಕ್ಕೆ ವುಲ್ಫ್ ನೋಟ್, ಅಂದರೆ ತೋಳದ ಸ್ವರ ಎಂದು ಹೆಸರಿಟ್ಟಿದ್ದರು. 1916ರಲ್ಲಿ ರಾಮನ್ ಇದರ ಬಗ್ಗೆ ಬರೆದರು. ವಿವರಣೆ ಹೀಗೆ. ವಾದ್ಯದ ಮರದ ಡಬ್ಬಿಗೂ ತನ್ನದೇ ಆದ ಒಂದು ಲೆಕ್ಕವಿದೆ. ತಟ್ಟಿದರೆ ಅದು ಸೆಕೆಂಡಿಗೆ ಇಂತಿಷ್ಟು ಸಲ ನಡುಗಲು ಇಷ್ಟಪಡುತ್ತದೆ. ಇದಕ್ಕೆ ಸಹಜ ಕಂಪನಾಂಕ ಎನ್ನುತ್ತಾರೆ. ತಂತಿಯ ಸ್ವರವೂ ಡಬ್ಬಿಯ ಸಹಜ ಕಂಪನಾಂಕವೂ ಒಂದೇ ಆದಾಗ ಡಬ್ಬಿ ತಂತಿಯ ಶಕ್ತಿಯನ್ನೆಲ್ಲ ಕಸಿದುಕೊಂಡು ತಾನೇ ಕುಣಿಯತೊಡಗುತ್ತದೆ. ತಂತಿ ಸೋಲುತ್ತದೆ, ಮತ್ತೆ ಚೇತರಿಸಿಕೊಳ್ಳುತ್ತದೆ, ಮತ್ತೆ ಸೋಲುತ್ತದೆ. ಅದೇ ಊಳು.

ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಅದು ಹಿಂದೆ ಬಂದಾಗ ಸರಿಯಾಗಿ ಒಂದು ಸಣ್ಣ ತಳ್ಳು ಕೊಟ್ಟರೆ ಸಾಕು, ಎತ್ತರಕ್ಕೇರುತ್ತದೆ. ಲೆಕ್ಕ ತಪ್ಪಿ ಎಷ್ಟು ಬಲವಾಗಿ ತಳ್ಳಿದರೂ ಏರುವುದಿಲ್ಲ. ಲೆಕ್ಕ ಕೂಡಿ ಬರುವುದಕ್ಕೆ ಅನುರಣನ ಎಂದು ಹೆಸರು. ಬಸ್ಸಿನ ಗಾಜಿನ ಕಥೆಯೂ ಇದೇ. ನಿಂತ ಎಂಜಿನ್ನಿನ ತಳ್ಳು ಗಾಜಿನ ಲೆಕ್ಕಕ್ಕೆ ಕೂಡಿಬಂದಿತ್ತು. ಆಕ್ಸಿಲರೇಟರ್ ಒತ್ತಿದಾಗ ಲೆಕ್ಕ ತಪ್ಪಿತು, ನಡುಕ ನಿಂತಿತು.

1917ರಲ್ಲಿ ಕಲ್ಕತ್ತೆ ವಿಶ್ವವಿದ್ಯಾಲಯದ ಅಶುತೋಷ್ ಮುಖರ್ಜಿ ಅವರು ರಾಮನ್‌ಗೆ ಪಾಲಿತ್ ಪ್ರಾಧ್ಯಾಪಕ ಹುದ್ದೆ ಕೊಟ್ಟರು. ಸಂಬಳ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಭದ್ರವಾದ ಸರ್ಕಾರಿ ಕೆಲಸ ಬಿಟ್ಟು ಅವರು ಇದನ್ನು ಒಪ್ಪಿಕೊಂಡರು. ಮರುವರ್ಷ, 1918ರಲ್ಲಿ, ಕಮಾನಿನಿಂದ ನುಡಿಸುವ ತಂತಿಗಳ ಕಂಪನದ ಬಗ್ಗೆ ದೊಡ್ಡ ಪ್ರಬಂಧ ಪ್ರಕಟಿಸಿದರು. ಇಷ್ಟಕ್ಕೇ ನಿಲ್ಲದೆ ಪಿಟೀಲು ನುಡಿಸುವ ಒಂದು ಯಂತ್ರವನ್ನೂ ಮಾಡಿಸಿದರು. ಅದರಲ್ಲಿ ಕಮಾನು ಅಲುಗದೆ ನಿಂತಿರುತ್ತದೆ, ಪಿಟೀಲೇ ಹಿಂದೆ ಮುಂದೆ ಓಡುತ್ತದೆ. ಕಮಾನಿನ ಒತ್ತಡವನ್ನೂ ವೇಗವನ್ನೂ ಅಳೆದು ಬದಲಾಯಿಸಬಹುದು. ಸ್ವರವನ್ನು ಮೆಲ್ಲಗೆ ಏರಿಸುತ್ತಾ ಹೋದಂತೆ, ಡಬ್ಬಿಯ ಸಹಜ ಕಂಪನಾಂಕ ಬಂದ ಜಾಗದಲ್ಲಿ ಹೆಚ್ಚು ಒತ್ತಡ ಬೇಕಾಗುತ್ತಿತ್ತು. ವಾದ್ಯ ಎಲ್ಲೆಲ್ಲಿ ಕುಣಿಯಲು ಇಷ್ಟಪಡುತ್ತದೆ ಎಂಬುದು ಕಾಗದದ ಮೇಲೆ ಗೆರೆಯಾಗಿ ಮೂಡಿತು.

ಇವತ್ತಿನ ಕಾರು ಪ್ರಯೋಗಾಲಯದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಬರೀ ಬಾಡಿಯನ್ನು ಮೆತ್ತನೆಯ ಆಧಾರದ ಮೇಲೆ ನಿಲ್ಲಿಸಿ, ಒಂದು ಯಂತ್ರದಿಂದ ಅದನ್ನು ಬೇರೆ ಬೇರೆ ಲೆಕ್ಕದಲ್ಲಿ ಅಲುಗಿಸುತ್ತಾರೆ. ಎಲ್ಲಿ ಹೆಚ್ಚು ಕುಣಿಯುತ್ತದೆ ಎಂದು ಸೆನ್ಸರ್‌ಗಳು ಬರೆದಿಡುತ್ತವೆ.

ಮೃದಂಗದ ಗುಟ್ಟು

ರಾಮನ್ ಅವರ ಶಬ್ದ ಸಂಶೋಧನೆಯಲ್ಲಿ ನಮ್ಮ ಜನಕ್ಕೆ ಹೆಚ್ಚು ಹತ್ತಿರವಾದದ್ದು ಮೃದಂಗ ಮತ್ತು ತಬಲಾದ ಕೆಲಸ. ಯಕ್ಷಗಾನದ ಮದ್ದಳೆಯನ್ನು ಹತ್ತಿರದಿಂದ ಕಂಡವರಿಗೆ ಅದರ ಚರ್ಮದ ನಡುವಿನ ಕಪ್ಪು ಕರಣೆ ಗೊತ್ತಿರುತ್ತದೆ. ಮೃದಂಗದಲ್ಲೂ ಹಾಗೆಯೇ: ಕಪ್ಪು ಪುಡಿಯನ್ನು ಅನ್ನದ ಅಂಟಿನಲ್ಲಿ ಕಲಸಿ, ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ತೀಡಿ ತೀಡಿ ಮಾಡುತ್ತಾರೆ. ಅದು ಅಲಂಕಾರವಲ್ಲ.

ಕರಣೆ ಇಲ್ಲದ ಬರೀ ಚರ್ಮದ ಲೆಕ್ಕ ಹೀಗಿದೆ. ಅದರ ಮೊದಲ ಸ್ವರ 100 ಎಂದಿಟ್ಟುಕೊಂಡರೆ ಮುಂದಿನವು ಸುಮಾರು 159, 214, 230 ಹೀಗೆ ಬರುತ್ತವೆ. ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಸಾದಾ ಡೋಲು ತಟ್ಟಿದರೆ ಸದ್ದು ಬರುತ್ತದೆ, ಶ್ರುತಿ ಬರುವುದಿಲ್ಲ. ಆದರೆ ಮೃದಂಗದಲ್ಲಿ 100, 200, 300, 400, 500 ಎಂಬಂತೆ ಸಾಲಾಗಿ ಬರುತ್ತವೆ. ತಂತಿ ವಾದ್ಯದ ಹಾಗೆ. 1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ಇದನ್ನು ನೇಚರ್ ಪತ್ರಿಕೆಯಲ್ಲಿ ತಿಳಿಸಿದರು. ಮುಂದೆ ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ರಾಮನ್ ಪೂರ್ಣ ಅಧ್ಯಯನ ಪ್ರಕಟಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ ನುಡಿಸಿದರೆ ಮರಳು ಕುಣಿಯದ ಗೆರೆಗಳಲ್ಲಿ ಹೋಗಿ ನಿಲ್ಲುತ್ತದೆ. ಆ ಚಿತ್ರಗಳನ್ನು ನೋಡಿ ಅವರು ಹೇಳಿದ ಸಂಗತಿ: ಚರ್ಮ ಒಂಬತ್ತು ಬಗೆಯಲ್ಲಿ ಕುಣಿಯುತ್ತದೆ, ಆದರೆ ಕರಣೆಯ ತೂಕದಿಂದಾಗಿ ಆ ಒಂಬತ್ತೂ ಐದು ಸ್ವರಗಳೊಳಗೆ ಬಂದು ಸೇರಿಕೊಳ್ಳುತ್ತವೆ.

ಇದರ ಅರ್ಥ ದೊಡ್ಡದು. ಯಾವ ವಸ್ತುವಿನ ಸಹಜ ಕಂಪನಾಂಕವೂ ಹಣೆಬರಹವಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ತೂಕ ಇಟ್ಟರೆ ಅದನ್ನು ಬೇಕಾದಲ್ಲಿಗೆ ಸರಿಸಬಹುದು. ಮೃದಂಗ ಮಾಡುವ ಕೈಗಳು ಇದನ್ನು ಕಿವಿಯಿಂದ ಕಂಡುಕೊಂಡಿದ್ದವು. ರಾಮನ್ ಅದಕ್ಕೆ ಅಳತೆ ಮತ್ತು ಕಾರಣ ಕೊಟ್ಟರು.

ಹಾಗಾದರೆ ಕಾರಿನಲ್ಲಿ ಗುರಿ ಹಾಕುವುದು ಹೇಗೆ?

ಕಾರಿನ ಬಾಡಿ ಮುಖ್ಯವಾಗಿ ಎರಡು ಬಗೆಯಲ್ಲಿ ಕುಣಿಯುತ್ತದೆ. ಒಂದು, ಉದ್ದದ ಹಲಗೆ ನಡುವೆ ಬಾಗುವಂತೆ. ಇನ್ನೊಂದು, ಒದ್ದೆ ಬಟ್ಟೆ ಹಿಂಡುವಾಗ ತಿರುಚುವಂತೆ. ಈ ಎರಡರ ಲೆಕ್ಕ ಬೇರೆ ಯಾವುದರ ಲೆಕ್ಕಕ್ಕೂ ಕೂಡಿ ಬರಬಾರದು. ಇದೇ ಮೊದಲ ಗುರಿ.

ಲೆಕ್ಕ ಹಾಕಿ ನೋಡೋಣ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ತಳ್ಳು ಕೊಡುತ್ತದೆ. ನಿಂತಲ್ಲಿ ನಿಮಿಷಕ್ಕೆ 750 ಸುತ್ತು ತಿರುಗಿದರೆ ಸೆಕೆಂಡಿಗೆ 25 ತಳ್ಳು. ಎಸಿ ಹಾಕಿದಾಗ 900 ಸುತ್ತಿಗೆ ಏರಿದರೆ 30. ಮೂರು ಸಿಲಿಂಡರ್ ಆದರೆ ಇದು ಸುಮಾರು 19ರಿಂದ 22.5. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 15 ಸಲ ಸುತ್ತುತ್ತದೆ. ಹೊಂಡ ಹಾರಿದಾಗ ಚಕ್ರಗಳು ಸೆಕೆಂಡಿಗೆ ಸುಮಾರು 10ರಿಂದ 15 ಸಲ ಕುಪ್ಪಳಿಸುತ್ತವೆ. ವಿನ್ಯಾಸಕಾರರು ಇವನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು, ಬಾಡಿ, ಸ್ಟೀರಿಂಗ್, ಸೀಟು ಪ್ರತಿಯೊಂದಕ್ಕೂ ಖಾಲಿ ಜಾಗ ಹುಡುಕಿ ಕೊಡುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸುಗಳಿಗೆ ಒಂದೇ ಟೈಮ್ ಕೊಡದಂತೆ.

ಕಾರಿನೊಳಗಿನ ಗಾಳಿಗೂ ಲೆಕ್ಕವಿದೆ. ಒಳಗಿನ ಉದ್ದ ಎರಡೂವರೆ ಮೀಟರ್ ಆದರೆ ಅಲ್ಲಿಯ ಗಾಳಿ ಸೆಕೆಂಡಿಗೆ ಸುಮಾರು 70 ಸಲ ತೂಗಲು ಇಷ್ಟಪಡುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್ 2100 ಸುತ್ತಿಗೆ ಬಂದಾಗ ಕೊಡುವ ತಳ್ಳೂ 70. ಆಗ ಚಾವಣಿಯ ತಗಡೋ ನೆಲದ ತಗಡೋ ಅದೇ ಲೆಕ್ಕದಲ್ಲಿ ಕುಣಿದರೆ ಕಿವಿ ಮುಚ್ಚಿದಂಥ ಗುಂಯ್ ಸದ್ದು ಬರುತ್ತದೆ. ಅದು ಕಾರಿನ ತೋಳದ ಸ್ವರ.

ಎರಡನೆಯ ಗುರಿ ದಾರಿಗೆ ಸಂಬಂಧಿಸಿದ್ದು. ಎಂಜಿನ್ ಕೂರುವ, ಸಸ್ಪೆನ್ಶನ್ ಸೇರುವ ಜಾಗದಲ್ಲಿ ರಬ್ಬರ್ ಬುಷ್ ಇರುತ್ತದೆ. ಅದು ಕೆಲಸ ಮಾಡಬೇಕಾದರೆ ಅದರ ಹಿಂದಿನ ಬಾಡಿಯ ತಗಡು ರಬ್ಬರಿಗಿಂತ ಹಲವು ಪಟ್ಟು ಬಿಗಿಯಾಗಿರಬೇಕು. ಇಲ್ಲದಿದ್ದರೆ ರಬ್ಬರ್ ಬದಲು ತಗಡೇ ಬಾಗಿ ನಡುಕವನ್ನು ಒಳಗೆ ಬಿಡುತ್ತದೆ.

ಮೂರನೆಯದು ಕಿವಿಯ ಗುರಿ. ಹೊರಗೆ ಹೋಗುವ ಸದ್ದಿಗೆ ಕಾನೂನಿನ ಮಿತಿಯಿದೆ. ಒಳಗಿನ ಸದ್ದಿನ ಗುರಿಯನ್ನು ಮಾತ್ರ ಕಂಪನಿ ತಾನೇ ಹಾಕಿಕೊಳ್ಳುತ್ತದೆ. ಪೈಪೋಟಿಯ ಕಾರುಗಳನ್ನು ಅಳೆದು, ಜನರನ್ನು ಕೂರಿಸಿ ಅಭಿಪ್ರಾಯ ಕೇಳಿ, ಡ್ರೈವರ್ ಕಿವಿಯ ಬಳಿ ಇಷ್ಟು ಡೆಸಿಬಲ್ ಎಂದು ಮೊದಲು ನಿಗದಿ ಮಾಡುತ್ತಾರೆ. ಅದನ್ನು ಬಾಡಿಗೆ ಇಷ್ಟು, ಎಂಜಿನ್ ಮೌಂಟಿಗೆ ಇಷ್ಟು, ಟೈರಿಗೆ ಇಷ್ಟು ಎಂದು ಹಂಚುತ್ತಾರೆ. ಈ ಹಂಚಿಕೆ ಕಾಗದದ ಮೇಲಿರುವಾಗಲೇ ಆಗಬೇಕು. ಅಚ್ಚು ತಯಾರಾದ ಮೇಲೆ ಬಾಡಿಯ ಲೆಕ್ಕ ಬದಲಿಸುವುದು ತುಂಬಾ ದುಬಾರಿ.

ದಪ್ಪ ತಗಡು ಯಾಕೆ ಪರಿಹಾರವಲ್ಲ ಎಂದು ಈಗ ಅರ್ಥವಾಗಿರಬಹುದು. ದಪ್ಪ ಮಾಡಿದರೆ ಸಹಜ ಕಂಪನಾಂಕ ಬೇರೆ ಕಡೆಗೆ ಸರಿಯುತ್ತದೆ, ಅಷ್ಟೆ. ಸರಿದು ಒಳ್ಳೆಯ ಜಾಗಕ್ಕೆ ಹೋಗಬಹುದು, ಎಂಜಿನ್ನಿನ ಲೆಕ್ಕದ ಮೇಲೇ ಬಂದು ಕೂರಲೂಬಹುದು. ತೂಕ ಮತ್ತು ಇಂಧನ ಖರ್ಚು ಮಾತ್ರ ಖಂಡಿತ ಹೆಚ್ಚುತ್ತದೆ. ಅದಕ್ಕೇ ನೆಲದ ತಗಡಿಗೆ ಉಬ್ಬು ಗೆರೆಗಳನ್ನು ಒತ್ತುತ್ತಾರೆ, ಹೆಚ್ಚು ಕುಣಿಯುವ ಜಾಗದಲ್ಲಿ ಮಾತ್ರ ಡಾಂಬರಿನಂಥ ಬಿಟುಮೆನ್ ಹಾಳೆ ಅಂಟಿಸುತ್ತಾರೆ. ನೋಡಲು ಅದು ಕರಣೆಯಂತೆಯೇ ಇರುತ್ತದೆ, ಆದರೆ ಕೆಲಸ ಬೇರೆ. ಕರಣೆ ತನ್ನ ತೂಕದಿಂದ ಸ್ವರಗಳನ್ನು ಸಾಲಾಗಿಸುತ್ತದೆ. ಬಿಟುಮೆನ್ ಹಾಳೆ ಮುಖ್ಯವಾಗಿ ನಡುಕದ ಶಕ್ತಿಯನ್ನು ಹೀರಿ ಸಣ್ಣ ಶಾಖವಾಗಿಸುತ್ತದೆ. ಒಂದು ನಾದ ಬರಿಸಲು, ಇನ್ನೊಂದು ನಾದ ಅಡಗಿಸಲು.

ಬೆಳಕಿನ ನಂತರವೂ ಶಬ್ದ

1921ರಲ್ಲಿ ರಾಮನ್ ಮೊದಲ ಸಲ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟದಲ್ಲಿ ಪಿಸುಮಾತು ಗೋಡೆಯುದ್ದಕ್ಕೂ ಸಾಗುವುದನ್ನು ಅಳೆದರು. ನಮ್ಮ ವಿಜಯಪುರದ ಗೋಲಗುಮ್ಮಟವೂ ಅವರ ಪಿಸುಮಾತಿನ ಗ್ಯಾಲರಿಗಳ ಅಧ್ಯಯನದಲ್ಲಿತ್ತು. ಅದೇ ಪ್ರಯಾಣದಲ್ಲಿ ಹಡಗಿನಿಂದ ಕಂಡ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಬೆಳಕಿನ ಚದುರುವಿಕೆಯ ಕಡೆಗೆ ಎಳೆಯಿತು. ಕೆ.ಎಸ್. ಕೃಷ್ಣನ್ ಜೊತೆಗಿನ ಪ್ರಯೋಗಗಳು 1928ರ ಫೆಬ್ರವರಿ 28ರಂದು ಫಲ ಕೊಟ್ಟವು. ಆ ದಿನವೇ ರಾಷ್ಟ್ರೀಯ ವಿಜ್ಞಾನ ದಿನ. ಅದು ರಾಮನ್ ಪರಿಣಾಮದ ದಿನ, ರಾಮನ್ ಹುಟ್ಟಿದ ದಿನವಲ್ಲ. 1930ರಲ್ಲಿ ನೊಬೆಲ್ ಬಂತು. ಅದು ಬೆಳಕಿನ ಕೆಲಸಕ್ಕೆ, ಮೃದಂಗಕ್ಕಲ್ಲ.

ಈ ಎರಡು ಕೆಲಸಗಳು ತೀರಾ ಬೇರೆಯೂ ಅಲ್ಲ. ರಾಮನ್ ಪರಿಣಾಮದಲ್ಲಿ ಬೆಳಕು ಅಣುವಿಗೆ ತಾಗಿ ಬಣ್ಣ ಬದಲಿಸುತ್ತದೆ, ಯಾಕೆಂದರೆ ಅಣುವೂ ತನ್ನದೇ ಲೆಕ್ಕದಲ್ಲಿ ನಡುಗುತ್ತಿರುತ್ತದೆ. ಮೃದಂಗದ ಚರ್ಮದಲ್ಲಿ ಹುಡುಕಿದ್ದನ್ನೇ ಅವರು ಅಣುವಿನಲ್ಲೂ ಕಂಡರು ಎನ್ನಬಹುದು.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ನಾಗೇಂದ್ರನಾಥ್ ಜೊತೆ ಸೇರಿ, ಕಿವಿಗೆ ಕೇಳದ ಶಬ್ದದ ಅಲೆಗಳು ಬೆಳಕನ್ನು ಹೇಗೆ ಚದುರಿಸುತ್ತವೆ ಎಂಬ ಸಿದ್ಧಾಂತ ಕೊಟ್ಟರು. ಫಾರ್ವರ್ಡ್‌ಗಳು ಹೇಳದ ಇನ್ನೊಂದು ಮುಖವೂ ಇದೆ. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಸಂಶೋಧನೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷೆಯ ಮೇಲೆ ಸೇರಿಸಿಕೊಂಡು, ಕೆಲಸ ಕಂಡ ಮೇಲೆ ಒಪ್ಪಿದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಅವರು ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಪಡೆದ ಜೀವರಸಾಯನ ವಿಜ್ಞಾನಿ. ದೊಡ್ಡವರ ತಪ್ಪನ್ನೂ ಅವರ ಕೆಲಸದಷ್ಟೇ ಸ್ಪಷ್ಟವಾಗಿ ಹೇಳಬೇಕು ಎಂಬುದು ನಮ್ಮ ನಿಲುವು.

ಸಂಸ್ಥೆಯೊಳಗಿನ ಜಗಳಗಳ ನಡುವೆ 1937ರಲ್ಲಿ ನಿರ್ದೇಶಕ ಹುದ್ದೆ ಬಿಟ್ಟು, 1948ರವರೆಗೆ ಅಲ್ಲೇ ಪ್ರಾಧ್ಯಾಪಕರಾಗಿದ್ದರು. ನಂತರ ತಮ್ಮದೇ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. 1954ರಲ್ಲಿ ಭಾರತರತ್ನ. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಅಂತ್ಯಕ್ರಿಯೆ ನಡೆಯಿತು, ಆ ಜಾಗದಲ್ಲಿ ಒಂದು ಮರ ನೆಟ್ಟರು. ಅವರು ದುಡಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದೆ ವಾಹನಗಳ ಶಬ್ದದ ಬಗ್ಗೆಯೇ ಕೆಲಸ ಬೆಳೆಯಿತು. ಎಂ.ಎಲ್. ಮುಂಜಾಲ್ ಅವರು ಸೈಲೆನ್ಸರಿನೊಳಗೆ ಶಬ್ದ ಸಾಗುವ ಗಣಿತದ ಬಗ್ಗೆ 1987ರಲ್ಲಿ ಬರೆದ ಗ್ರಂಥ ಈ ಕ್ಷೇತ್ರದಲ್ಲಿ ಹೆಸರಾಗಿದೆ.

ಹಾಗಾದರೆ ಫಾರ್ವರ್ಡ್ ಮಾಡುವ ಮೊದಲು

ಬಾಗಿಲಿನ ಧಪ್ ಸದ್ದು ಸುರಕ್ಷತೆಯ ಗುರುತಲ್ಲ. ಬೀಗ, ರಬ್ಬರ್ ಅಂಚು ಮತ್ತು ಬಾಗಿಲೊಳಗಿನ ಹಾಳೆಯನ್ನು ಹೊಂದಿಸಿ ಆ ಸದ್ದನ್ನು ಬೇಕೆಂದೇ ಮಾಡುತ್ತಾರೆ. ಅಪಘಾತದಲ್ಲಿ ಪ್ರಾಣ ಉಳಿಸುವುದು ಒಳಗಿನ ಚೌಕಟ್ಟು, ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್. ಅದನ್ನು ತಿಳಿಯಬೇಕಾದರೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಸ್ಟಾರ್‌ಗಳನ್ನು ನೋಡಿ. ಸದ್ದು ಕೇಳಿ ಗಾಡಿ ಕೊಂಡರೆ ಮನೆಯವರ ಜೀವವನ್ನು ಒಂದು ರಬ್ಬರ್ ಅಂಚಿನ ಮೇಲೆ ನಂಬಿದಂತೆ.

ಎಲೆಕ್ಟ್ರಿಕ್ ಕಾರಿನಲ್ಲಿ ಸದ್ದಿನ ಸಮಸ್ಯೆಯೇ ಇಲ್ಲ ಎಂಬುದೂ ಸರಿಯಲ್ಲ. ಎಂಜಿನ್ ಸದ್ದು ಮುಚ್ಚಿಡುತ್ತಿದ್ದ ಟೈರು, ಗಾಳಿ ಮತ್ತು ಮೋಟರಿನ ಸಣ್ಣ ಕೀಚಲು ಸದ್ದು ಅಲ್ಲಿ ಎದ್ದು ಕೇಳುತ್ತದೆ. ಹಾಗಾಗಿ ಗುರಿಗಳು ಬದಲಾಗುತ್ತವೆ, ಇಲ್ಲವಾಗುವುದಿಲ್ಲ.

ನಿಮ್ಮ ಕಾರಿನಲ್ಲಿ ಹೊಸದಾಗಿ ನಡುಕ ಶುರುವಾದರೆ ಯಾವಾಗ ಬರುತ್ತದೆ ಎಂದು ಗಮನಿಸಿ. ನಿಂತಾಗ ಮಾತ್ರ ಬಂದರೆ ಎಂಜಿನ್ ಮೌಂಟ್ ನೋಡಿಸಿ. 80ರಿಂದ 100ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಬ್ರೇಕ್ ಒತ್ತಿದಾಗ ನಡುಗಿದರೆ ಬ್ರೇಕ್ ಡಿಸ್ಕ್ ಪರೀಕ್ಷಿಸಿ, ತಡ ಮಾಡಬೇಡಿ. ಇಷ್ಟು ಹೇಳಿದರೆ ಮೆಕ್ಯಾನಿಕ್‌ಗೂ ಅರ್ಧ ಕೆಲಸ ಉಳಿಯುತ್ತದೆ.

ಕೊನೆಯದಾಗಿ, ಮೃದಂಗ ನೋಡಿ ವಿದೇಶದವರು ಕಾರು ನಿಶ್ಶಬ್ದ ಮಾಡಲು ಕಲಿತರು ಎಂದು ಯಾರಾದರೂ ಈ ಲೇಖನವನ್ನೇ ತಿರುಚಿ ಕಳಿಸಿದರೆ ನಂಬಬೇಡಿ. ರಾಮನ್ ಕಾರು ಕಂಪನಿಗೆ ಕೆಲಸ ಮಾಡಿದವರಲ್ಲ. ಕಾರಿನ ತಂತ್ರ ಬೇರೆ ದಾರಿಯಲ್ಲಿ ಬೆಳೆದು ಬಂತು. ಮೃದಂಗಕ್ಕೂ ಕಾರಿಗೂ ಪ್ರಕೃತಿಯ ನಿಯಮ ಒಂದೇ ಎಂಬುದಷ್ಟೇ ನಿಜ. ಮೃದಂಗ ಮಾಡುವವರ ಕೈಚಳಕಕ್ಕೂ, ಅದರ ಕಾರಣ ಹುಡುಕಿದ ರಾಮನ್ ಅವರಿಗೂ ಸಲ್ಲಬೇಕಾದ ಗೌರವಕ್ಕೆ ಆ ನಿಜವೇ ಸಾಕು. ಸುಳ್ಳು ಸೇರಿಸುವ ಅಗತ್ಯವಿಲ್ಲ.